ಕ್ರಿಯಾಟಿನಿನ್ ನಾರ್ಮಲ್ ಅಂದ ಮಾತ್ರಕ್ಕೆ

ಮೇ ತಿಂಗಳಲ್ಲಿ ಮಲ್ಪೆಯ ಮಾವ ಲ್ಯಾಬಿನ ಲಕೋಟೆ ಹಿಡಿದುಕೊಂಡು ಬಂದರು. ಶುಗರ್ ಶುರುವಾಗಿ ಹದಿನಾಲ್ಕು ವರ್ಷ. "ನೋಡು, ಕ್ರಿಯಾಟಿನಿನ್ 1.0. ಕಿಡ್ನಿಗೆ ಎಂತ ಸಹ ಆಗ್ಲಿಲ್ಲ." ಮೂತ್ರದಲ್ಲಿ ಆಲ್ಬುಮಿನ್ ನೋಡಿಸಿದ್ದೀರಾ ಎಂದು ಕೇಳಿದೆ. "ಉರಿ ಇಲ್ಲ, ಬಾವು ಇಲ್ಲ, ಮತ್ತೆಂತ ನೋಡ್ಲಿಕ್ಕುಂಟು ಮಾರಾಯ?"

ಕ್ರಿಯಾಟಿನಿನ್ ಅಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಕಸ; ಕಿಡ್ನಿ ಸೋತರೆ ರಕ್ತದಲ್ಲಿ ಏರುತ್ತದೆ. ಆದರೆ ಅದು ತಡವಾಗಿ ಬಾಯಿಬಿಡುವ ಸಾಕ್ಷಿ. ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸೋಸುವ ಘಟಕಗಳಿವೆ. ಕೆಲವು ಕೆಟ್ಟರೆ ಉಳಿದವು ಆ ಕೆಲಸವನ್ನೂ ಹೊತ್ತುಕೊಳ್ಳುತ್ತವೆ. ಹಾಗಾಗಿ ಸೋಸುವ ಶಕ್ತಿ ಹತ್ತಿರಹತ್ತಿರ ಅರ್ಧ ಹೋಗುವವರೆಗೂ ರಕ್ತದ ಕ್ರಿಯಾಟಿನಿನ್ ನಾರ್ಮಲ್ ಗೆರೆಯೊಳಗೇ ಇರಬಹುದು. ಅದು ಹುಟ್ಟುವುದೇ ಸ್ನಾಯುಗಳಲ್ಲಿ. ಮೈ ಇಳಿದ ವಯಸ್ಸಾದವರಲ್ಲಿ ಅದರ ಮಾತು ಇನ್ನಷ್ಟು ತಡ. ಅದಕ್ಕೇ ಈಗ ವಯಸ್ಸು, ಲಿಂಗ ಸೇರಿಸಿ, ಕಿಡ್ನಿ ಸೋಸುವ ವೇಗದ ಅಂದಾಜಾದ ಇಜಿಎಫ್‌ಆರ್ ಲೆಕ್ಕ ಹಾಕುತ್ತಾರೆ.

ಬೋಟಿನಲ್ಲಿ ದುಡಿದ ಮಾವನಿಗೆ ಬಲೆಯ ಲೆಕ್ಕದಲ್ಲೇ ಹೇಳಿದೆ. ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಬಹುಪಾಲನ್ನು ವಾಪಸ್ ಹೀರಿಕೊಂಡು, ಒಂದೂವರೆ ಎರಡು ಲೀಟರ್ ಮಾತ್ರ ಹೊರಗೆ ಬಿಡುತ್ತದೆ. ನೀರು, ಉಪ್ಪು, ಯೂರಿಯಾ ಬಲೆಯ ಕಣ್ಣಿನಿಂದ ಜಾರುತ್ತವೆ. ಆಲ್ಬುಮಿನ್ ಎಂಬ ಪ್ರೋಟೀನ್ ದೊಡ್ಡ ಮೀನು, ರಕ್ತದಲ್ಲೇ ಉಳಿಯಬೇಕು. ವರ್ಷಗಟ್ಟಲೆ ಶುಗರ್ ಹೆಚ್ಚಿದ್ದರೆ ಸೋಸುವ ಘಟಕದ ರಕ್ತನಾಳಗಳ ಗಂಟಿನೊಳಗೆ ಒತ್ತಡ ಏರುತ್ತದೆ, ಪೊರೆ ದಪ್ಪವಾಗಿ ಕೆಡುತ್ತದೆ, ಅದನ್ನು ಹೊರಗಿನಿಂದ ಬೆರಳು ಹೆಣೆದಂತೆ ಹಿಡಿದ ಪೋಡೋಸೈಟ್ ಕೋಶಗಳು ಕಳಚುತ್ತವೆ. ಬಲೆಯ ಕಣ್ಣು ಸಡಿಲ. "ಹರಿದ ಬಲೆ ನೇಯ್ಲಿಕ್ಕೆ ಆಗುದಿಲ್ವಾ?" ಎಂದರು ಮಾವ. ಕಷ್ಟ; ಆ ಕೋಶಗಳು ಸುಲಭಕ್ಕೆ ಮತ್ತೆ ಹುಟ್ಟುವುದಿಲ್ಲ.

ಮೊದಮೊದಲು ಜಾರುವುದು ಕೆಲವೇ ಮಿಲಿಗ್ರಾಂ. ನೊರೆ ಕಾಣದು, ಕಾಲು ಬಾಯದು. ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ ಸುಮಾರು 200 ವರ್ಷ ಹಿಂದೆ ಚಮಚದಲ್ಲಿ ಮೂತ್ರ ಕಾಯಿಸಿ, ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುವ ಪ್ರೋಟೀನಿನಿಂದ ಕಿಡ್ನಿ ರೋಗ ಹಿಡಿಯುತ್ತಿದ್ದ. ಹಾಗೆ ಕಾಣಬೇಕಾದರೆ ಸೋರಿಕೆ ಭಾರೀ ಇರಬೇಕು. ಅದೇ ಆಸ್ಪತ್ರೆಯವರು 1982ರಲ್ಲಿ, ಕಣ್ಣಿಗೆ ಕಾಣದ ಸಣ್ಣ ಸೋರಿಕೆಯೇ ಮುಂದಿನ ಕಿಡ್ನಿ ರೋಗದ ಮುನ್ಸೂಚನೆ ಎಂದು ತೋರಿಸಿದರು.

ಮಾಮೂಲಿ ಯೂರಿನ್ ರೊಟೀನ್‌ನಲ್ಲಿ 'ಪ್ರೋಟೀನ್ ನಿಲ್' ಎಂದು ಬಂದರೂ ಈ ಸಣ್ಣ ಸೋರಿಕೆ ತಪ್ಪಿಸಿಕೊಂಡಿರಬಹುದು. ಕೇಳಬೇಕಾದ್ದು ಎಸಿಆರ್, ಅಂದರೆ ಮೂತ್ರದ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ. ಅನುಪಾತ ಯಾಕೆಂದರೆ ನಮ್ಮೂರ ಏಪ್ರಿಲ್ ಸೆಕೆಯಲ್ಲಿ ಮೂತ್ರ ಗಟ್ಟಿ, ಆಟಿಯ ಮಳೆಯಲ್ಲಿ ತೆಳು. ಆಲ್ಬುಮಿನ್ ಒಂದನ್ನೇ ಅಳೆದರೆ ಲೆಕ್ಕ ತಪ್ಪುತ್ತದೆ; ಅದೇ ಮೂತ್ರದ ಕ್ರಿಯಾಟಿನಿನ್ ಜೊತೆ ಹೋಲಿಸಿದರೆ ಈ ಏರುಪೇರು ಸರಿಹೋಗುತ್ತದೆ. ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಒಳಗಿದ್ದರೆ ಸರಿ. 30ರಿಂದ 300, ಹಿಡಿದರೆ ಕೈಗೆ ಸಿಗುವ ಹಂತ. ಟೈಪ್ 2 ಶುಗರ್ ಪತ್ತೆಯಾದ ದಿನವೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಆಲ್ಬುಮಿನ್ ಸೋರದೆಯೂ ಕಿಡ್ನಿ ಸೊರಗುವುದುಂಟು, ಆದ್ದರಿಂದ ಇಜಿಎಫ್‌ಆರ್ ಸಹ ಜೊತೆಗಿರಲಿ.

ಇನ್ನೊಂದು ಮೋಸ ಹೇಳಲೇಬೇಕು. "ಹಾಗಲಕಾಯಿ ರಸ ಕುಡಿದೆ, ಶುಗರ್ ತನ್ನಿಂತಾನೇ ಇಳಿಯಿತು" ಎಂದು ಹಿಗ್ಗುವವರಿದ್ದಾರೆ. ಇನ್ಸುಲಿನ್ ಒಡೆಯುವ ಕೆಲಸದಲ್ಲಿ ಕಿಡ್ನಿಗೂ ದೊಡ್ಡ ಪಾಲಿದೆ. ಕಿಡ್ನಿ ಸೋತರೆ ಇನ್ಸುಲಿನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿದು ಶುಗರ್ ಇಳಿಯುತ್ತದೆ. ಹಳೇ ಶುಗರ್ ಕಾರಣವಿಲ್ಲದೆ ತಗ್ಗಿದರೆ ನನಗಂತೂ ಹೆದರಿಕೆ.

ಬೇಗ ಗೊತ್ತಾದರೆ ಮಾಡಲಿಕ್ಕೆ ಬೇಕಾದಷ್ಟಿದೆ. ಎಸಿಇ ಇನ್‌ಹಿಬಿಟರ್, ಎಆರ್‌ಬಿ ಗುಂಪಿನ ಬಿಪಿ ಮಾತ್ರೆಗಳು ಸೋಸುವ ಗಂಟಿನ ಒತ್ತಡ ಇಳಿಸುತ್ತವೆ. ಸಕ್ಕರೆಯನ್ನು ಮೂತ್ರಕ್ಕೆ ಬಿಡುವ ಎಸ್‌ಜಿಎಲ್‌ಟಿ2 ಮಾತ್ರೆಗಳು ಕಿಡ್ನಿಯನ್ನೂ ಕಾಯುತ್ತವೆ ಎಂದು 2019ರ ನಂತರದ ದೊಡ್ಡ ಪ್ರಯೋಗಗಳಲ್ಲಿ ಖಚಿತವಾಯಿತು. ವೈದ್ಯರನ್ನು ಕೇಳದೆ ನುಂಗುವ ನೋವಿನ ಮಾತ್ರೆ ನಿಲ್ಲಿಸಬೇಕು. ಗಂಜಿಯ ಜೊತೆಗಿನ ಒಣಮೀನು, ಉಪ್ಪಿನಕಾಯಿಯ ಮಾತು ಬಂದಾಗ ಮಾವ ಕಿಟಕಿ ಕಡೆ ನೋಡಿದರು.

ಮಾವನ ಎಸಿಆರ್ 86 ಬಂತು. ಒಂದೇ ಸಲಕ್ಕೆ ತೀರ್ಮಾನವಿಲ್ಲ. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ವಿಪರೀತ ದಣಿವು ಕೂಡ ಅಂಕಿ ಏರಿಸುತ್ತವೆ. ಮೂರು ತಿಂಗಳಿಂದ ಆರು ತಿಂಗಳೊಳಗೆ ಮೂರರಲ್ಲಿ ಎರಡು ಸಲ ಹೆಚ್ಚಿದ್ದರೆ ಮಾತ್ರ ಖಾತ್ರಿ. ಎರಡನೇ ಸ್ಯಾಂಪಲ್ ಕೃಷ್ಣಾಷ್ಟಮಿಯ ಹೊತ್ತಿಗೆ. ವಿಟ್ಲಪಿಂಡಿ ಉತ್ಸವದ ದಿನ ಹುಲಿವೇಷದ ಹಿಂದೆ ಊರೆಲ್ಲ ಸುತ್ತಿ ಮರುದಿನ ಬೆಳಿಗ್ಗೆ ಬಾಟ್ಲಿ ಹಿಡಿದು ಹೋಗಬೇಡಿ, ನಾಲ್ಕು ದಿನ ಬಿಟ್ಟು ಕೊಡಿ ಎಂದಿದ್ದೇನೆ.