ಬಾಡಿದ ಬಳ್ಳಿಗುಲಾಬಿಗೆ ಗೊಬ್ಬರ ಬೇಡ

ತುಳು ತಿಂಗಳು ಆಟಿ ಮುಗಿದು ಸೋಣ ಹಿಡಿಯುವ ಹೊತ್ತಿಗೆ, ಅಂದರೆ ಆಗಸ್ಟ್ ನಡುವಿಗೆ, ನನ್ನ ಫೋನಿಗೆ ಒಂದೇ ಥರದ ಫೋಟೋಗಳು ಬರುತ್ತವೆ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಕುಂಬಳೆ, ಮಂಜೇಶ್ವರ, ಎಲ್ಲ ಕಡೆಯಿಂದ. ಜಗಲಿಯ ಕಂಬಕ್ಕೆ ಹಬ್ಬಿಸಿದ ಬಳ್ಳಿಗುಲಾಬಿ. ತುದಿಯಲ್ಲಿ ನಾಲ್ಕು ಎಲೆ, ಕೆಳಗೆಲ್ಲ ಬರೀ ಕೋಲು. ಪ್ರಶ್ನೆಯೂ ಒಂದೇ: "ಯಾವ ಗೊಬ್ಬರ ಹಾಕಬೇಕು?"

ಯಾವುದೂ ಬೇಡ. ದಯವಿಟ್ಟು ಚೀಲ ಒಳಗಿಡಿ.

ಗೊಬ್ಬರ ಊಟ, ಮದ್ದಲ್ಲ. ಊಟ ಮಾಡುವುದು ಕೂದಲಿನಂಥ ಬಿಳಿ ಬೇರುಗಳು. ಅವು ಬದುಕಬೇಕಾದರೆ ಮಣ್ಣಿನಲ್ಲಿ ಗಾಳಿ ಇರಬೇಕು. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಮುಕ್ಕಾಲು ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಮುರಕಲ್ಲಿನ ಗಟ್ಟಿ ಅಂಗಳದಲ್ಲಿ ಗುಂಡಿ ತೋಡಿ, ಒಳ್ಳೆ ಮಣ್ಣು ತುಂಬಿ ಗುಲಾಬಿ ನೆಟ್ಟಿರುತ್ತೀರಿ. ಮಳೆಗಾಲದಲ್ಲಿ ಅಂಗಳದ ನೀರೆಲ್ಲ ಅಲ್ಲಿಗೇ ಇಳಿಯುತ್ತದೆ, ಹೊರಗೆ ಹೋಗಲು ದಾರಿ ಇಲ್ಲ. ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಆಮೇಲೆ ಎಲೆ ಹಳದಿಯಾಗುತ್ತದೆ. ಹಳದಿ ಕಂಡ ಕೂಡಲೇ ನೀವು ಹಿಂಡಿ ನೆನೆಸಿದ ನೀರು ಹೊಯ್ಯುತ್ತೀರಿ. ಅದು ಅಲ್ಲೇ ನಿಂತು ಹುಳಿಯುತ್ತದೆ, ಇದ್ದ ಚೂರು ಗಾಳಿಯೂ ಮುಗಿಯುತ್ತದೆ. ಅಂಗಡಿ ಗೊಬ್ಬರವಾದರೆ ಅದರ ಉಪ್ಪು ಉಳಿದ ಬೇರನ್ನೂ ಸುಡುತ್ತದೆ. ತಿನ್ನಲು ಬಾಯಿಯೇ ಇಲ್ಲದ ಗಿಡಕ್ಕೆ ಎಷ್ಟು ಬಡಿಸಿದರೇನು?

ನನಗೆ ಬೇಸರವಾಗುವುದು ಯಾಕೆಂದರೆ, ಹೀಗೆ ಕೇಳುವವರಲ್ಲಿ ಹೆಚ್ಚಿನವರು ಅಡಿಕೆ ತೋಟದವರು. ಮಳೆಗೆ ಮೊದಲು ತೋಟದ ಕಣಿ (ನೀರು ಹರಿದು ಹೋಗುವ ಚರಂಡಿ) ಬಿಡಿಸಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಹಾಳಿ (ಅಡಿಕೆಯ ಕೊಳೆರೋಗ) ಬಂದ ಮರಕ್ಕೆ ಹಟ್ಟಿಗೊಬ್ಬರ ಹಾಕಿ ವಾಸಿ ಮಾಡಲು ಹೊರಟವರನ್ನು ನಾನು ನೋಡಿಲ್ಲ. ಅದೇ ಮನೆಯ ಅಂಗಳದ ಗುಲಾಬಿಗೆ ಮಾತ್ರ ಆ ತಿಳಿವಳಿಕೆ ಯಾಕೆ ಸಿಗುವುದಿಲ್ಲ?

ಹೋದ ವರ್ಷ ಪೆರ್ಲದ ಹತ್ತಿರ ಒಂದು ಮನೆಗೆ ಹೋಗಿದ್ದೆ. ಮೊಮ್ಮಗಳು ನೆಟ್ಟ ಗಿಡ. ಅವಳು ಓದಲು ಹೋದ ಮೇಲೆ ಅಜ್ಜಿಯೇ ನೋಡಿಕೊಂಡದ್ದು. ವಾರಕ್ಕೊಮ್ಮೆ ನೆಲಗಡಲೆ ಹಿಂಡಿ ನೆನೆಸಿದ ನೀರು, ಒಂದು ವಾರವೂ ತಪ್ಪಿಸಿಲ್ಲ. ಬುಡ ಕೆದಕಿ ಮೂಸಿದೆ, ಕೊಳೆತ ಕೆಸರಿನ ವಾಸನೆ. ಒಂದು ಬೇರು ಎಳೆದರೆ ಕಪ್ಪು ಸಿಪ್ಪೆ ಕೈಗೆ ಬಂತು, ನೂಲಿನಂಥ ಎಳೆ ಮಣ್ಣಲ್ಲೇ ಉಳಿಯಿತು. "ಮಗು ಬರುವಾಗ ಹೂ ಇರ್ಬೇಕಲ್ಲಾ, ಅದಕ್ಕೆ ಹಾಕಿದ್ದು" ಎಂದರು. ಬೈಯಲು ಮನಸ್ಸು ಬರಲಿಲ್ಲ. ಅಂಥ ಕೈಗೆ ಆರು ವಾರ ಸುಮ್ನೆ ಇರಿ ಅನ್ನುವುದು ಕಷ್ಟ. ಆದರೂ ಹೇಳಿದೆ.

ಇಳಿಜಾರಿನ ಬದಿಗೆ ಗುಂಡಿಯ ತಳಕ್ಕಿಂತ ಆಳದ ಒಂದು ಕಣಿ ಕಡಿಸಿದೆವು. ಮೇಲಿನ ಹಿಂಡಿ ಪದರ ಕೆರೆದು ತೆಗೆದು, ಸುಡುಮಣ್ಣು ಮತ್ತು ಮರಳು ಹಾಕಿದೆವು. ಉದುರಿದ ಎಲೆ ಒಂದೂ ಬಿಡದೆ ಹೆಕ್ಕಿ ಸುಟ್ಟೆವು. ಕಪ್ಪುಚುಕ್ಕೆ ರೋಗದ ಶಿಲೀಂಧ್ರ ಬಿದ್ದ ಎಲೆಯಲ್ಲೇ ಉಳಿಯುತ್ತದೆ, ಹೊಸ ಎಲೆ ಏಳೆಂಟು ಗಂಟೆ ಒದ್ದೆಯಾಗಿದ್ದರೆ ಅದಕ್ಕೂ ಹತ್ತುತ್ತದೆ. ಆಮೇಲೆ ಗೆಲ್ಲುಗಳನ್ನು ಉಗುರಿನಿಂದ ಕೆರೆದು ನೋಡಿದೆವು. ಹಸಿರು ಕಂಡರೆ ಜೀವ ಇದೆ, ಕಂದಾಗಿದ್ದರೆ ಸತ್ತಿದೆ. ಸತ್ತದ್ದನ್ನು ಬಿಳಿ ತಿರುಳು ಕಾಣುವಲ್ಲಿವರೆಗೆ ಕತ್ತರಿಸಿದೆವು.

ಅಡಿಕೆಗೆ ಮಾಡಿದ ಬೋರ್ಡೋ (ಶಿಲೀಂಧ್ರಕ್ಕೆ ಬಿಡುವ ಮದ್ದು) ಉಳಿದಿದೆ, ಗುಲಾಬಿಗೂ ಬಿಡಲಾ ಎಂದು ಕೇಳುವವರಿದ್ದಾರೆ. ಅಡಿಕೆಗೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅದು ಗುಲಾಬಿಯ ಎಳೆ ಎಲೆಗೆ ಖಾರವಾಗಬಹುದು, ಅದರಲ್ಲೂ ಮೋಡದ ದಿನಗಳಲ್ಲಿ. ಬಿಡುವುದಿದ್ದರೆ ಎರಡನ್ನೂ ಅರ್ಧಕ್ಕೆ ಇಳಿಸಿ ಹೊಸದಾಗಿ ಮಾಡಿ. ಮೊದಲು ಒಂದು ಗೆಲ್ಲಿಗೆ ಬಿಟ್ಟು ವಾರ ಕಾಯಿರಿ. ನಿನ್ನೆಯ ಮದ್ದು ಯಾವುದಕ್ಕೂ ಬೇಡ.

ಎಲ್ಲ ಗಿಡವೂ ಬದುಕುತ್ತದೆ ಎಂದು ನಾನು ಮಾತು ಕೊಡಲಾರೆ. ಕಸಿಯ ಗಂಟೇ ಕಂದಾಗಿದ್ದರೆ ಆಸೆ ಕಡಿಮೆ. ಗಂಟಿನ ಕೆಳಗಿಂದ ಜೋರಾಗಿ ಬರುವ ಚಿಗುರು ನಿಮ್ಮ ಗುಲಾಬಿಯದ್ದಲ್ಲ, ಕಸಿಗೆ ಬಳಸಿದ ಬೇರುಸಸಿಯದ್ದು, ಅದನ್ನು ಬುಡದಲ್ಲೇ ಕಿತ್ತುಬಿಡಿ.

ಅಜ್ಜಿಯ ಗಿಡ ನವೆಂಬರಿನಲ್ಲಿ ಕೆಂಪು ಚಿಗುರು ಬಿಟ್ಟಿತು. ಅವರು ಅದೇ ದಿನ ಫೋನು ಮಾಡಿದರು, ದನಿ ನಡುಗುತ್ತಿತ್ತು. ಆಗಲೂ ಕಾಯಲು ಹೇಳಿದೆ. ಎಲೆ ಹಸಿರಾಗಿ ಬಲಿತ ಮೇಲೆ ಎರಡು ಮುಷ್ಟಿ ಹಳೆಯ ಹಟ್ಟಿಗೊಬ್ಬರ, ಬುಡದಿಂದ ಒಂದು ಗೇಣು ದೂರ. ಉದ್ದ ಬಂದ ಹೊಸ ಬಳ್ಳಿಯನ್ನು ಕತ್ತರಿಸಬೇಡಿ, ನಿಧಾನವಾಗಿ ಬಗ್ಗಿಸಿ ಅಡ್ಡಕ್ಕೆ ಕಟ್ಟಿ. ನೆಟ್ಟಗೆ ಬಿಟ್ಟರೆ ತುದಿಯಲ್ಲಿ ಮಾತ್ರ ಹೂ, ಅಡ್ಡ ಮಲಗಿಸಿದರೆ ಕಣ್ಣು ಕಣ್ಣಿಗೂ ಚಿಗುರು ಒಡೆಯುತ್ತದೆ. ಕಟ್ಟಲು ಬಾಳೆನಾರು ಸಾಕು. ಲೋಹದ ಸರಿಗೆ ಬೇಡ, ಬಳ್ಳಿ ದಪ್ಪವಾದಂತೆ ಅದು ಸಿಪ್ಪೆಯೊಳಗೆ ಇಳಿಯುತ್ತದೆ.