ಹಾರುಬೂದಿ ಹೆದ್ದಾರಿಯ ಒಡಲು ಸೇರಿದ ಬಗೆ

ನಮ್ಮ ದೇಶದ ಕಲ್ಲಿದ್ದಲಲ್ಲಿ ಬೂದಿಯ ಪಾಲು ಜಾಸ್ತಿ. ನೂರು ಕೆ.ಜಿ. ಸುಟ್ಟರೆ 30ರಿಂದ 45 ಕೆ.ಜಿ. ಬೂದಿ ಉಳಿಯುತ್ತದೆ. ಹೊಗೆಯೊಂದಿಗೆ ಮೇಲೇಳುವ ಅದರ ನುಣುಪು ಭಾಗವೇ ಹಾರುಬೂದಿ. 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಉಷ್ಣ ವಿದ್ಯುತ್ ಸ್ಥಾವರದ (ಆರ್‌ಟಿಪಿಎಸ್) ಮೊದಲ ಘಟಕ ಶುರುವಾದ ಕಾಲಕ್ಕೆ ಇದರ ವಿಲೇವಾರಿಗೆ ದೇಶದೆಲ್ಲೆಡೆ ಹೆಚ್ಚುಕಡಿಮೆ ಒಂದೇ ದಾರಿಯಿತ್ತು: ನೀರಲ್ಲಿ ಕಲಸಿ, ಪೈಪಿನಲ್ಲಿ ಹರಿಸಿ, ಹೊಂಡಕ್ಕೆ ಬಿಡುವುದು. ಬೇಸಿಗೆಯಲ್ಲಿ ಹೊಂಡ ಒಣಗಿದರೆ ಗಾಳಿಗೆ ಎದ್ದ ಬೂದಿ ಸುತ್ತಲಿನ ಬೆಳೆಯ ಮೇಲೆ, ಅಂಗಳದಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಬಂದು ಕೂರುತ್ತದೆ. 1996-97ರಲ್ಲಿ ದೇಶದಲ್ಲಿ ಸುಮಾರು 6.9 ಕೋಟಿ ಟನ್ ಬೂದಿ ಬಂತು. ಅದರಲ್ಲಿ ಬಳಕೆಯಾದದ್ದು ಶೇ 10ಕ್ಕಿಂತ ಕಡಿಮೆ.

ರಸ್ತೆಯ ದಾರಿ ತೆರೆದದ್ದು ದೆಹಲಿಯಲ್ಲಿ. 1996ರಲ್ಲಿ ಓಖ್ಲಾ ಮೇಲ್ಸೇತುವೆಗೆ ಹತ್ತುವ 59 ಮೀಟರ್ ಉದ್ದದ ಏರಿಯನ್ನು ಮಣ್ಣಿನ ಬದಲು ಹಾರುಬೂದಿಯಿಂದ ಕಟ್ಟಿದರು. ಎರಡು ವರ್ಷದ ಬಳಿಕ ಯಮುನೆಯ ನೆರೆಬಯಲಲ್ಲೇ, ಎರಡನೇ ನಿಜಾಮುದ್ದೀನ್ ಸೇತುವೆಯ 1.8 ಕಿ.ಮೀ. ಏರಿಗೆ ಸುಮಾರು ಒಂದೂವರೆ ಲಕ್ಷ ಘನ ಮೀಟರ್ ಬೂದಿ ಹೋಯಿತು.

ಎಂಜಿನಿಯರುಗಳಿಗೆ ಬೂದಿ ಹಿಡಿಸಲು ಕಾರಣವಿದೆ. ಅದು ಮಣ್ಣಿಗಿಂತ ಹಗುರ. ಮೆತ್ತನೆಯ ನೆಲದ ಮೇಲೆ ಎತ್ತರದ ಏರಿ ಕಟ್ಟಿದರೂ ಕುಸಿತ ಕಡಿಮೆ. ಆದರೆ ಒಣ ಬೂದಿಯ ಮೇಲೆ ರೋಲರ್ ಓಡಿಸಿದರೆ ಅದು ಗಟ್ಟಿಯಾಗದೆ ಹಾರುತ್ತದೆ. ಟ್ಯಾಂಕರಿನಲ್ಲಿ ನೀರು ಹಾಯಿಸಿ, ಹದ ನೋಡಿ, ಪದರ ಪದರವಾಗಿ ದಮ್ಮಸು ಮಾಡಬೇಕು. ಹೆದ್ದಾರಿ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಇಕ್ಕೆಲಗಳಿಗೆ ಒಂದರಿಂದ ಮೂರು ಮೀಟರ್ ದಪ್ಪದ ಮಣ್ಣಿನ ಹೊದಿಕೆ ಬೇಕು, ಮೇಲಿನ ಅರ್ಧ ಮೀಟರ್ ಒಳ್ಳೆಯ ಮಣ್ಣೇ ಇರಬೇಕು. ಈ ಹೊದಿಕೆ ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಏರಿಯಲ್ಲಿ ಕೊರಕಲು ಬೀಳುತ್ತದೆ.

ಇಷ್ಟಾದರೂ ಗುತ್ತಿಗೆದಾರರು ತಾವಾಗಿ ಬೂದಿ ಕೇಳಿ ಬರಲಿಲ್ಲ. ಪಕ್ಕದ ಹೊಲದ ಮೇಲ್ಮಣ್ಣು ಅಗ್ಗಕ್ಕೆ ಸಿಗುವಾಗ ದೂರದಿಂದ ಬೂದಿ ತರಿಸುವವರು ಯಾರು? ಕಾನೂನೇ ತಳ್ಳಬೇಕಾಯಿತು. 1999ರ ಸೆಪ್ಟೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಸ್ಥಾವರದಿಂದ 50 ಕಿ.ಮೀ. ಒಳಗೆ ತಯಾರಾಗುವ ಇಟ್ಟಿಗೆಗೆ ಬೂದಿ ಬೆರೆಸುವುದನ್ನು ಕಡ್ಡಾಯ ಮಾಡಿತು. 2003ರಲ್ಲಿ ಮಿತಿ 100 ಕಿ.ಮೀ.ಗೆ ಏರಿ ರಸ್ತೆ ಏರಿಗಳೂ ಕಡ್ಡಾಯದ ವ್ಯಾಪ್ತಿಗೆ ಬಂದವು. 2016ರಲ್ಲಿ ಮಿತಿ 300 ಕಿ.ಮೀ. ಆಯಿತು. 2021ರ ಡಿಸೆಂಬರ್ 31ರ ಅಧಿಸೂಚನೆ ಬಳಸದೆ ಉಳಿಸಿದ ಪ್ರತಿ ಟನ್ನಿಗೆ ₹1,000 ದಂಡ ಗೊತ್ತುಮಾಡಿತು.

ರಸ್ತೆಯೇ ಏಕೆ ಬೇಕು ಎಂದರೆ, ಸಿಮೆಂಟ್ ಕಾರ್ಖಾನೆಗಳು ಬಯಸುವುದು ಚಿಮಣಿಗೆ ಹೋಗುವ ಮೊದಲೇ ಹಿಡಿದ ಒಣ, ನುಣುಪು ಬೂದಿಯನ್ನು. ಹೊಂಡದಲ್ಲಿ ನೆನೆದು ಕೂತ ತರಿಬೂದಿ ಅವರಿಗೆ ಬೇಡ. ಅದನ್ನು ಲಕ್ಷಗಟ್ಟಲೆ ಟನ್ ಲೆಕ್ಕದಲ್ಲಿ ನುಂಗಬಲ್ಲದ್ದು ಹೆದ್ದಾರಿ ಏರಿ.

2021-22ರಲ್ಲಿ 27 ಕೋಟಿ ಟನ್ ಬೂದಿಯಲ್ಲಿ ಸುಮಾರು ಶೇ 96 ಬಳಕೆಯಾಯಿತು ಎನ್ನುತ್ತದೆ ಕೇಂದ್ರ ವಿದ್ಯುತ್ ಪ್ರಾಧಿಕಾರ. ಸಾಧನೆ ದೊಡ್ಡದೇ. ಆದರೆ ಈ ಲೆಕ್ಕದಲ್ಲಿ ತಗ್ಗು ಜಾಗ ತುಂಬಿಸಿದ್ದೂ ‘ಬಳಕೆ’ಯೇ. ಬೂದಿಯಲ್ಲಿ ಆರ್ಸೆನಿಕ್, ಸೀಸ, ಪಾದರಸದ ಅಂಶಗಳಿರುತ್ತವೆ. ಮಣ್ಣಿನ ಹೊದಿಕೆಯಡಿ ಬಿಗಿಯಾಗಿ ಕೂತ ಬೂದಿಯೂ, ಹಳ್ಳದ ದಂಡೆಯ ಗುಂಡಿಗೆ ಸುರಿದು ಹೋದ ಬೂದಿಯೂ ಅಂತರ್ಜಲದ ಪಾಲಿಗೆ ಒಂದೇ ಅಲ್ಲ. ಎರಡನ್ನೂ ಒಂದೇ ಶೇಕಡಾವಾರಿನಲ್ಲಿ ಸೇರಿಸುವುದನ್ನು ನಾನು ಒಪ್ಪಲಾರೆ. ಹಳೆಯ ಹೊಂಡಗಳ ಬೂದಿಯನ್ನು ಹತ್ತು ವರ್ಷದೊಳಗೆ ಖಾಲಿ ಮಾಡಬೇಕೆಂದು 2021ರ ಅಧಿಸೂಚನೆಯೇ ಹೇಳುತ್ತದೆ. ಹೀಗಾಗಿ ಮುಂದೆ ಲಾರಿಗಳ ಸಂಖ್ಯೆ ಹೆಚ್ಚುತ್ತದೆ. ಪ್ರತಿ ಲಾರಿ ಎಲ್ಲಿ ಬೂದಿ ಇಳಿಸಿತು, ಅದರ ಮೇಲೆ ಮಣ್ಣು ಬಿತ್ತೇ ಎಂಬ ವಿವರ ಆಯಾ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಕಾಣುವಂತಾಗಬೇಕು.