ಯಾವ ಲೆಕ್ಕ ಮೊದಲು? ಓವರ್‌ಡ್ರಾಫ್ಟ್ ಜಗಳದ ಹಳೇ ಕತೆ

ಕಳೆದ ವರ್ಷ ಒಂದು ತಿಂಗಳು ನನ್ನ ಪಾಸ್‌ಬುಕ್ಕಿನಲ್ಲಿ 5ನೇ ತಾರೀಕಿಗೆ ಎರಡು ಸಾಲು ಅಚ್ಚಾದವು. ಮೇಲಿನದು ಸಂಬಳ ಜಮಾ. ಅದರ ಕೆಳಗೆ 590 ರೂಪಾಯಿ ಖರ್ಚು, ‘ರಿಟರ್ನ್ ಚಾರ್ಜ್’. ಅಂದರೆ ಗಾಡಿ ಸಾಲದ ಕಂತು ಬೌನ್ಸ್ ಆಗಿದೆ. ಸಂಬಳ ಮೇಲೆಯೇ ಕೂತಿದೆ, ಆದರೂ ‘ಹಣ ಸಾಲದು’ ಎಂದು ಕಂತು ವಾಪಸ್! 500 ರೂಪಾಯಿ ದಂಡ, ಅದರ ಮೇಲೆ ಶೇ 18 ಜಿಎಸ್‌ಟಿ. ಸಾಲ ಕೊಟ್ಟ ಕಂಪನಿ ತನ್ನ ಪಾಲಿನ ದಂಡವನ್ನು ಬೇರೆ ಹಾಕಿತು.

ಬ್ಯಾಂಕಿಗೆ ಹೋಗಿ ಕೇಳಿದೆ. ಕೌಂಟರಿನಲ್ಲಿದ್ದ ಹುಡುಗ ಪಾಪ ಒಳ್ಳೆಯವನೇ. ‘ನಾವೇನೂ ಮಾಡಿಲ್ಲ ಸಾರ್, ಸಿಸ್ಟಮ್ ತಾನಾಗೇ ಹಾಕಿದ್ದು’ ಅಂದ.

ಸಿಸ್ಟಮ್‌ಗೆ ಹಾಗೆ ಮಾಡು ಅಂತ ಯಾರೋ ಹೇಳಿಕೊಟ್ಟಿರಬೇಕಲ್ವಾ? ಒಂದೇ ದಿನ ಒಂದು ಜಮಾ, ಒಂದು ಖರ್ಚು ಬಂದರೆ ಯಾವುದನ್ನು ಮೊದಲು ಬರೆಯಬೇಕು? ಕೇಳೋಕೆ ಸಣ್ಣ ಪ್ರಶ್ನೆ. ಆದರೆ ಬ್ಯಾಂಕು ಮತ್ತು ಗಿರಾಕಿಯ ನಡುವೆ ಓವರ್‌ಡ್ರಾಫ್ಟ್, ಅಂದರೆ ಖಾತೆಯಲ್ಲಿ ಇರುವುದಕ್ಕಿಂತ ಜಾಸ್ತಿ ಹಣ ತೆಗೆಯುವ ವಿಚಾರದಲ್ಲಿ ನಡೆದ ದೊಡ್ಡ ಜಗಳಗಳನ್ನು ಬಿಡಿಸುತ್ತಾ ಹೋದರೆ, ಒಳಗೆ ಮತ್ತೆ ಮತ್ತೆ ಸಿಗುವುದು ಇದೇ ಪ್ರಶ್ನೆ.

ಓವರ್‌ಡ್ರಾಫ್ಟ್ ಹುಟ್ಟಿದ್ದು ದಂಡವಾಗಿ ಅಲ್ಲ, ಉಪಕಾರವಾಗಿ. 1728ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ವಿಲಿಯಂ ಹಾಗ್ ಎಂಬ ವ್ಯಾಪಾರಿಗೆ ಕೊಡಬೇಕಾದ ದುಡ್ಡು ಮೊದಲು, ಬರಬೇಕಾದ ದುಡ್ಡು ಆಮೇಲೆ ಎನ್ನುವ ತಾಪತ್ರಯ. ಹಿಂದಿನ ವರ್ಷವಷ್ಟೇ ಶುರುವಾಗಿದ್ದ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್, ಖಾತೆಯಲ್ಲಿ ಇರುವುದಕ್ಕಿಂತ 1,000 ಪೌಂಡ್ ಜಾಸ್ತಿ ತೆಗೆದುಕೊಳ್ಳಲು ಅವನಿಗೆ ಒಪ್ಪಿಗೆ ಕೊಟ್ಟಿತು. ತೆಗೆದಷ್ಟಕ್ಕೆ, ಇಟ್ಟುಕೊಂಡಷ್ಟು ದಿನಕ್ಕೆ ಮಾತ್ರ ಬಡ್ಡಿ. ಈ ಏರ್ಪಾಡಿಗೆ ಸಿಕ್ಕ ಹೆಸರು ‘ಕ್ಯಾಶ್ ಕ್ರೆಡಿಟ್’. ವ್ಯಾಪಾರದ ತುಂಬಾ ಜಾಣ ಉಪಾಯಗಳಲ್ಲಿ ಇದೂ ಒಂದು ಎಂದು ತತ್ವಜ್ಞಾನಿ ಡೇವಿಡ್ ಹ್ಯೂಮ್ ಹೊಗಳಿದ್ದ.

ಆ ಹೆಸರು ಎಲ್ಲೋ ಕೇಳಿದ ಹಾಗಿದೆ ಅನಿಸಿತಾ? ನಮ್ಮ ಅಡಿಕೆ ಮಂಡಿಯವರು, ಬಟ್ಟೆ ಅಂಗಡಿಯವರು ‘ಬ್ಯಾಂಕಲ್ಲಿ ಸಿಸಿ ಮಾಡಿಸಿದ್ದೀನಿ’ ಅನ್ನುತ್ತಾರಲ್ಲ, ಅದು ಇದೇ ಕ್ಯಾಶ್ ಕ್ರೆಡಿಟ್. ಬ್ರಿಟನ್ನಿನ ಜನಸಾಮಾನ್ಯರಿಗೆ ಮರೆತುಹೋದ ಪದ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಇನ್ನೂ ದಿನಬಳಕೆಯಲ್ಲಿದೆ.

ಇನ್ನು ಯಾವ ಲೆಕ್ಕ ಮೊದಲು ಎನ್ನುವುದು. ಊರಿನ ಕಿರಾಣಿ ಅಂಗಡಿಯ ಕಡದ ಪುಸ್ತಕ ನೆನಪಿಸಿಕೊಳ್ಳಿ. 500 ರೂಪಾಯಿ ಕೊಟ್ಟರೆ ಶೆಟ್ಟರು ಮೊದಲು ಹೊಡೆದು ಹಾಕುವುದು ಹಳೇ ಬಾಕಿಯನ್ನು. ಹೊಸ ಬಾಕಿ ಆಮೇಲೆ. ಯಾರೂ ಇದನ್ನು ಹೇಳಿಕೊಡಬೇಕಿಲ್ಲ. ಇಂಗ್ಲೆಂಡಿನ ಕೋರ್ಟು ಇದನ್ನೇ ಕಾನೂನು ಮಾಡಿದ್ದು 1816ರಲ್ಲಿ. ಲಂಡನ್ನಿನ ಒಂದು ಖಾಸಗಿ ಬ್ಯಾಂಕಿನ ಪಾಲುದಾರ ಡಿವೇನ್ಸ್ ಎಂಬಾತ ತೀರಿಕೊಂಡ. ಮರುವರ್ಷ ಬ್ಯಾಂಕೂ ಮುಳುಗಿತು. ಕ್ಲೇಟನ್ ಎಂಬ ಗಿರಾಕಿ, ‘ಡಿವೇನ್ಸ್ ಬದುಕಿದ್ದಾಗ ಖಾತೆಯಲ್ಲಿದ್ದ ನನ್ನ ದುಡ್ಡನ್ನು ಅವನ ಆಸ್ತಿಯಿಂದ ಕೊಡಿಸಿ’ ಎಂದು ಕೇಳಿದ. ಆದರೆ ಡಿವೇನ್ಸ್ ಸತ್ತ ಮೇಲೆ ಕ್ಲೇಟನ್ ಹಣ ತೆಗೆದೂ ಇದ್ದ, ಮತ್ತೆ ಹಾಕಿಯೂ ಇದ್ದ. ನ್ಯಾಯಾಧೀಶ ಸರ್ ವಿಲಿಯಂ ಗ್ರಾಂಟ್ ಹೇಳಿದ್ದು ಸರಳ: ಮೊದಲು ಬಂದ ಹಣವೇ ಮೊದಲು ಹೋಯಿತು ಎಂದು ತಿಳಿಯಬೇಕು. ಆ ಲೆಕ್ಕದಲ್ಲಿ ಹಳೇ ಹಣವನ್ನು ಕ್ಲೇಟನ್ ಆಗಲೇ ತೆಗೆದುಕೊಂಡಾಗಿತ್ತು. ಉಳಿದದ್ದು ಆಮೇಲೆ ಹಾಕಿದ ಹಣ, ಅದಕ್ಕೆ ಸತ್ತವನ ಆಸ್ತಿ ಜವಾಬ್ದಾರಿಯಲ್ಲ. ಕ್ಲೇಟನ್ ಸೋತ. ಲೆಕ್ಕದ ಸಾಲುಗಳನ್ನು ಯಾವ ಕ್ರಮದಲ್ಲಿ ಓದುತ್ತೀರಿ ಅನ್ನುವುದರ ಮೇಲೆ ದುಡ್ಡು ಯಾರದ್ದು ಅನ್ನುವುದೇ ತೀರ್ಮಾನವಾಯಿತು.

ನಮ್ಮ 1872ರ ಕರಾರು ಕಾಯ್ದೆಯಲ್ಲೂ ಇದಕ್ಕೆ ಮೂರು ಕಲಮುಗಳಿವೆ, 59ರಿಂದ 61. ಹಲವು ಬಾಕಿ ಇದ್ದಾಗ ಇದು ಯಾವ ಬಾಕಿಗೆ ಎಂದು ಹೇಳುವ ಮೊದಲ ಹಕ್ಕು ದುಡ್ಡು ಕೊಡುವವನದು. ಅವನು ಸುಮ್ನೆ ಇದ್ದರೆ ತೆಗೆದುಕೊಳ್ಳುವವನು ತನಗೆ ಬೇಕಾದ ಬಾಕಿಗೆ ಹಾಕಿಕೊಳ್ಳಬಹುದು. ಇಬ್ಬರೂ ಸುಮ್ನಿದ್ದರೆ ಹಳೆಯದು ಮೊದಲು. ಗಮನಿಸಿ, ಹಕ್ಕು ಮೊದಲು ನಮ್ಮದೇ. ಆದರೆ ಸಾಲದ ಕಾಗದಕ್ಕೆ ಇಪ್ಪತ್ತು ಕಡೆ ಸಹಿ ಹಾಕುವಾಗ ಆ ಹಕ್ಕನ್ನು ನಾವೇ ಬರೆದುಕೊಟ್ಟು ಬಂದಿರುತ್ತೇವೆ.

ಮುಂದೆ ಬಹಳ ವರ್ಷ ಇದು ಜಗಳವಾಗಲಿಲ್ಲ. ಕಾರಣ, ಬ್ರಾಂಚಿನಲ್ಲಿ ಮ್ಯಾನೇಜರ್ ಇರುತ್ತಿದ್ದರು. ಹಣ ಕಡಿಮೆ ಇದ್ದ ಖಾತೆಗೆ ಚೆಕ್ ಬಂದರೆ ಪಾಸ್ ಮಾಡುವುದೋ ವಾಪಸ್ ಕಳಿಸುವುದೋ ಅವರೇ ನೋಡುತ್ತಿದ್ದರು. ಪರಿಚಯದವರಾದರೆ ಫೋನು ಮಾಡಿ ‘ಸಂಜೆಯೊಳಗೆ ಕಟ್ಟಿಬಿಡಿ’ ಅನ್ನುತ್ತಿದ್ದರು. ಇದರಲ್ಲಿ ಪಕ್ಷಪಾತವೂ ಇತ್ತು, ಇಲ್ಲ ಅನ್ನೋಕಾಗಲ್ಲ. ಕಂಪ್ಯೂಟರ್ ಬಂದು ಆ ಕೆಲಸವನ್ನು ತೆಗೆದುಕೊಂಡಿತು. ಅಮೆರಿಕದಲ್ಲಿ ಅದು ಬರೀ ಕೆಲಸ ತೆಗೆದುಕೊಳ್ಳಲಿಲ್ಲ, ಅದನ್ನೇ ಒಂದು ಆದಾಯ ಮಾಡಿತು.

ಅಲ್ಲಿ ಆಗಿದ್ದು ಏನೆಂದು ಒಂದು ಲೆಕ್ಕದಲ್ಲೇ ನೋಡೋಣ. ಖಾತೆಯಲ್ಲಿ 100 ಡಾಲರ್ ಇದೆ. ಹಣ ಸಾಲದಿದ್ದರೂ ಬ್ಯಾಂಕ್ ಪಾಸ್ ಮಾಡುತ್ತದೆ, ಆದರೆ ಹಾಗೆ ಮಾಡಿದ ಪ್ರತಿ ಸಲ ಒಂದು ದಂಡ ಹಾಕುತ್ತದೆ. ಒಂದು ದಿನ ಕಾರ್ಡ್ ಉಜ್ಜಿ 5, 10, 15, 20 ಡಾಲರಿನ ಸಾಮಾನು ತಗೊಂಡಿರಿ. ಕೊನೆಗೆ 95 ಡಾಲರಿನ ಚೆಕ್ ಬಂತು. ಬಂದ ಕ್ರಮದಲ್ಲೇ ಬರೆದರೆ ಮೊದಲ ನಾಲ್ಕಕ್ಕೆ 50 ಹೋಗಿ 50 ಉಳಿಯುತ್ತದೆ. ಚೆಕ್ ಒಂದು ಮಾತ್ರ ಹೆಚ್ಚಾಯಿತು. ಒಂದು ದಂಡ, 35 ಡಾಲರ್ ಅಂದುಕೊಳ್ಳಿ. ಈಗ ಅದೇ ಐದನ್ನು ದೊಡ್ಡದರಿಂದ ಸಣ್ಣದಕ್ಕೆ ಬರೆಯಿರಿ. ಮೊದಲು 95 ಹೋಯಿತು, 5 ಉಳಿಯಿತು. ಮುಂದಿನ 20, 15, 10, 5 ಎಲ್ಲಕ್ಕೂ ಹಣ ಸಾಲದು. ನಾಲ್ಕು ದಂಡ, 140 ಡಾಲರ್. ಗಿರಾಕಿ ಒಂದು ಪೈಸೆ ಜಾಸ್ತಿ ಖರ್ಚು ಮಾಡಿಲ್ಲ. ದಂಡ ಬಿಟ್ಟರೆ ಖಾತೆಯಲ್ಲಿ ಕೊನೆಗೆ ಉಳಿದ ಲೆಕ್ಕವೂ ಅಷ್ಟೇ. ಬದಲಾದದ್ದು ಸಾಲುಗಳ ಕ್ರಮ ಮಾತ್ರ.

‘ದೊಡ್ಡ ಮೊತ್ತ ಅಂದರೆ ಮನೆ ಬಾಡಿಗೆ, ಸಾಲದ ಕಂತು. ಅಂಥ ಮುಖ್ಯವಾದದ್ದು ನಿಲ್ಲಬಾರದು ಅಂತ ಹಾಗೆ ಮಾಡಿದೆವು’ ಎನ್ನುವುದು ಬ್ಯಾಂಕುಗಳ ಸಮಜಾಯಿಷಿ. ಕೇಳೋಕೆ ಚೆನ್ನಾಗಿದೆ. ಆದರೆ ಐದನ್ನೂ ಹೇಗಿದ್ದರೂ ಬ್ಯಾಂಕ್ ಪಾಸ್ ಮಾಡುತ್ತಿತ್ತು! ಎಲ್ಲರಿಗೂ ಊಟ ಬಡಿಸುವುದೇ ಆದರೆ, ಹಿರಿಯರು ಉಪವಾಸ ಬೀಳಬಾರದೆಂದು ಅವರಿಗೆ ಮೊದಲು ಬಡಿಸಿದೆ ಅನ್ನುವ ಮಾತಿಗೆ ಅರ್ಥವಿದೆಯೇ?

ಕ್ಯಾಲಿಫೋರ್ನಿಯಾದ ಗಿರಾಕಿಗಳು ವೆಲ್ಸ್ ಫಾರ್ಗೋ ಬ್ಯಾಂಕಿನ ಮೇಲೆ ಸಾಮೂಹಿಕ ಮೊಕದ್ದಮೆ ಹೂಡಿದರು. ಆ ಬ್ಯಾಂಕ್ ಅಲ್ಲಿ ದೊಡ್ಡದರಿಂದ ಸಣ್ಣದಕ್ಕೆ ಬರೆಯುವ ಪದ್ಧತಿ ತಂದದ್ದು 2001ರಲ್ಲಿ. 2010ರ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫೆಡರಲ್ ನ್ಯಾಯಾಧೀಶ ವಿಲಿಯಂ ಆಲ್ಸಪ್ ತೀರ್ಪು ಕೊಟ್ಟರು: ಇದು ದಂಡದ ಸಂಖ್ಯೆ ಹೆಚ್ಚಿಸಲೆಂದೇ ಮಾಡಿದ್ದು, ಸುಮಾರು 20.3 ಕೋಟಿ ಡಾಲರ್ ವಾಪಸ್ ಕೊಡಿ. ಮೇಲ್ಮನವಿಯಲ್ಲಿ ಕತೆಗೆ ಒಂದು ತಿರುವು ಸಿಕ್ಕಿತು. ಯಾವ ಕ್ರಮದಲ್ಲಿ ಬರೆಯಬೇಕು ಎನ್ನುವುದು ರಾಷ್ಟ್ರೀಯ ಬ್ಯಾಂಕಿನ (ಫೆಡರಲ್ ಸರ್ಕಾರದ ಪರವಾನಗಿ ಇರುವ ಬ್ಯಾಂಕಿನ) ಇಷ್ಟ, ಅದಕ್ಕೆ ರಾಜ್ಯದ ಕಾನೂನು ಅಡ್ಡ ಬರುವಂತಿಲ್ಲ ಎಂದಿತು ಮೇಲಿನ ಕೋರ್ಟು. ಆದರೆ ಆ ಕ್ರಮದ ಬಗ್ಗೆ ಗಿರಾಕಿಗೆ ತಪ್ಪು ತಿಳಿವಳಿಕೆ ಕೊಡುವಂತಿಲ್ಲ. ಆ ಒಂದು ಎಳೆ ಹಿಡಿದು ಆಲ್ಸಪ್ 2013ರಲ್ಲಿ ಅದೇ ಮೊತ್ತವನ್ನು ಮತ್ತೆ ವಿಧಿಸಿದರು. 2016ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೇಸನ್ನು ಕೈಗೆತ್ತಿಕೊಳ್ಳಲು ಒಪ್ಪದಿದ್ದಾಗಲೇ ಅದು ಮುಗಿದದ್ದು. ಈ ನಡುವೆ ಮಯಾಮಿಯ ಕೋರ್ಟಿನಲ್ಲಿ ಇಂಥವೇ ಕೇಸುಗಳು ಒಟ್ಟುಗೂಡಿದವು. ಬ್ಯಾಂಕ್ ಆಫ್ ಅಮೆರಿಕ 2011ರಲ್ಲಿ 41 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ನಿಯಮಗಳೂ ಬಂದವು. 2010ರಿಂದ ಎಟಿಎಂ ಮತ್ತು ಒಂದು ಬಾರಿಯ ಕಾರ್ಡ್ ಖರ್ಚಿಗೆ ಗಿರಾಕಿ ಮೊದಲೇ ‘ಹೂಂ’ ಅನ್ನದೆ ಓವರ್‌ಡ್ರಾಫ್ಟ್ ದಂಡ ಹಾಕುವಂತಿಲ್ಲ. ಆದರೆ ಚೆಕ್ ಮತ್ತು ತಿಂಗಳ ಆಟೋ ಪಾವತಿ ಈ ನಿಯಮದ ಹೊರಗೇ ಉಳಿದವು. 2024ರ ಡಿಸೆಂಬರಿನಲ್ಲಿ ದೊಡ್ಡ ಬ್ಯಾಂಕುಗಳ ದಂಡವನ್ನು 5 ಡಾಲರಿಗೆ ಇಳಿಸುವ ದಾರಿ ತೋರಿಸಿದ ನಿಯಮವೊಂದು ಬಂತು. ಜಾರಿಗೆ ಬರುವ ಮೊದಲೇ, 2025ರ ಮೇನಲ್ಲಿ, ಅದನ್ನು ರದ್ದು ಮಾಡಿದರು.

ಬ್ರಿಟನ್ನಿನಲ್ಲಿ ಜಗಳದ ದಾರಿ ಬೇರೆ. ಅಲ್ಲಿ 1980ರ ದಶಕದಿಂದ, ಖಾತೆಯಲ್ಲಿ ಹಣ ಇರುವವರೆಗೆ ಬ್ಯಾಂಕಿಂಗ್ ಪುಕ್ಕಟೆ. ಪುಕ್ಕಟೆಯ ಖರ್ಚನ್ನು ಯಾರಾದರೂ ಕೊಡಬೇಕಲ್ಲ? ತಿಂಗಳ ಕೊನೆಗೆ ಖಾತೆ ಬರಿದಾದವರು ಕೊಡುತ್ತಿದ್ದರು. 2005ರ ನಂತರ ಜನ ‘ನಿಮಗಾದ ನಷ್ಟಕ್ಕಿಂತ ದಂಡವೇ ಜಾಸ್ತಿ’ ಎಂದು ಸಿದ್ಧ ಮಾದರಿಯ ಪತ್ರ ಬರೆದು ಹಣ ವಾಪಸ್ ಕೇಳತೊಡಗಿದರು. ಬಹಳ ಸಲ ಬ್ಯಾಂಕುಗಳು ಕೋರ್ಟಿಗೆ ಹೋಗದೆ ಕೊಟ್ಟುಬಿಟ್ಟವು. ಪತ್ರಗಳ ಮಳೆ ಜೋರಾದಾಗ, 2007ರಲ್ಲಿ, ಸರ್ಕಾರಿ ಸಂಸ್ಥೆ ಆಫೀಸ್ ಆಫ್ ಫೇರ್ ಟ್ರೇಡಿಂಗ್ ಎಂಟು ಸಂಸ್ಥೆಗಳ ಜೊತೆ ಸೇರಿ ಒಂದು ಪರೀಕ್ಷಾ ಮೊಕದ್ದಮೆಗೆ ಒಪ್ಪಿತು. ಗ್ರಾಹಕರ ಪಕ್ಷ ಎರಡು ಕೋರ್ಟಿನಲ್ಲಿ ಗೆದ್ದಿತು. 2009ರ ನವೆಂಬರ್ 25ರಂದು ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಈ ದಂಡವೂ ಬ್ಯಾಂಕ್ ಸೇವೆಗೆ ಗಿರಾಕಿ ಕೊಡುವ ಬೆಲೆಯ ಒಂದು ಭಾಗ, ಆ ಬೆಲೆ ಜಾಸ್ತಿ ಆಯಿತೋ ಕಡಿಮೆಯೋ ಎಂದು ಗ್ರಾಹಕರ ಕರಾರಿನಲ್ಲಿ ಅನ್ಯಾಯದ ಷರತ್ತು ತಡೆಯುವ ನಿಯಮದಡಿ ತೂಗುವಂತಿಲ್ಲ ಎಂದಿತು ಕೋರ್ಟು. ನನಗಂತೂ ಈ ತರ್ಕ ಇವತ್ತಿಗೂ ಗಂಟಲಲ್ಲಿ ಇಳಿಯುವುದಿಲ್ಲ. ಖಾತೆ ತೆರೆಯುವಾಗ ಯಾರಾದರೂ ದಂಡವನ್ನು ಬೆಲೆ ಅಂತ ನೋಡುತ್ತಾರಾ?

ಕೋರ್ಟಿನಲ್ಲಿ ಆಗದ್ದು ನಿಯಂತ್ರಕರ ಮೇಜಿನಲ್ಲಿ ಆಯಿತು. 2020ರ ಏಪ್ರಿಲ್‌ನಿಂದ ಅಲ್ಲಿ ಓವರ್‌ಡ್ರಾಫ್ಟಿಗೆ ದಿನದ ದಂಡ, ತಿಂಗಳ ದಂಡ ಇಲ್ಲ. ಒಂದೇ ವಾರ್ಷಿಕ ಬಡ್ಡಿ. ಬ್ಯಾಂಕುಗಳು ಆ ಬಡ್ಡಿಯನ್ನೇ ಶೇ 40ರ ಆಸುಪಾಸಿಗೆ ಏರಿಸಿಕೊಂಡವು ಅನ್ನಿ. ಅಲ್ಲಿನ ಇನ್ನೊಂದು ಏರ್ಪಾಡು ಕೇಳಿ ನನಗೆ ಹೊಟ್ಟೆಕಿಚ್ಚಾಯಿತು. ಬೆಳಗಿನ ಜಾವ ಕಂತಿಗೆ ಹಣ ಸಾಲದಿದ್ದರೆ ಬ್ಯಾಂಕ್ ಅದನ್ನು ತಕ್ಷಣ ವಾಪಸ್ ಕಳಿಸುವುದಿಲ್ಲ. ಮಧ್ಯಾಹ್ನದೊಳಗೆ ದುಡ್ಡು ಹಾಕಲು ಹೊತ್ತು ಕೊಟ್ಟು, ಅದೇ ದಿನ ಇನ್ನೊಮ್ಮೆ ನೋಡುತ್ತದೆ.

ನಮ್ಮಲ್ಲಿ ಸಾಮಾನ್ಯ ಉಳಿತಾಯ ಖಾತೆಯಲ್ಲಿ ಕೇಳದೆ ಓವರ್‌ಡ್ರಾಫ್ಟ್ ಕೊಡುವ ರೂಢಿ ಇಲ್ಲ. ಜನಧನ ಖಾತೆಗೆ ಓವರ್‌ಡ್ರಾಫ್ಟ್ ಉಂಟು. ಮೊದಲು 5,000 ಇದ್ದದ್ದು 2018ರಲ್ಲಿ 10,000 ರೂಪಾಯಿ ಆಯಿತು. ಆದರೆ ಅದು ಅರ್ಹತೆ ನೋಡಿ ಕೊಡುವ ಸಾಲ. ಹಾಗಾಗಿ ನಮ್ಮ ಜಗಳ ‘ಯಾಕೆ ಪಾಸ್ ಮಾಡಿ ದಂಡ ಹಾಕಿದಿರಿ’ ಎಂದಲ್ಲ, ‘ಯಾಕೆ ವಾಪಸ್ ಕಳಿಸಿ ದಂಡ ಹಾಕಿದಿರಿ’ ಎಂದು. ಕ್ರಮದ ಪ್ರಶ್ನೆ ಮಾತ್ರ ಅದೇ.

ರಿಸರ್ವ್ ಬ್ಯಾಂಕ್ ಇದರ ಒಂದೊಂದು ತುದಿಯನ್ನು ಹಿಡಿದು ಎಳೆಯುತ್ತಾ ಬಂದಿದೆ. ಖಾತೆಯಲ್ಲಿ ಮಿನಿಮಮ್ ಬ್ಯಾಲೆನ್ಸ್ ಇಲ್ಲದ್ದಕ್ಕೆ ಹಾಕುವ ದಂಡ ಎಷ್ಟು ಕೊರತೆಯೋ ಅದಕ್ಕೆ ತಕ್ಕ ಹಾಗೆ ಇರಬೇಕು, ಆ ದಂಡದಿಂದಲೇ ಉಳಿತಾಯ ಖಾತೆ ಮೈನಸ್‌ಗೆ ಇಳಿಯಬಾರದು ಎಂಬ ನಿಯಮ 2015ರ ಏಪ್ರಿಲ್‌ನಿಂದ ಇದೆ. 2019ರ ಸೆಪ್ಟೆಂಬರ್ ಸುತ್ತೋಲೆ ಇನ್ನೂ ಖಡಕ್ಕು. ಎಟಿಎಂನಲ್ಲಿ ಹಣ ಬಾರದೆ ಖಾತೆಯಿಂದ ಕಡಿತವಾದರೆ 5 ದಿನದೊಳಗೆ ವಾಪಸ್ ಹಾಕಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ಗಿರಾಕಿ ದೂರು ಕೊಡುವ ತನಕ ಕಾಯದೆ. ಸಾಲದ ದಂಡಕ್ಕೆ ಮತ್ತೆ ಬಡ್ಡಿ ಹಾಕಿ ಬೆಳೆಸುವುದನ್ನು 2023ರ ಆಗಸ್ಟ್ ಸುತ್ತೋಲೆ ತಡೆಯಿತು. 2024ರಲ್ಲಿ ಅದು ಜಾರಿಗೆ ಬಂತು.

ದೂರು ಕೊಡುವ ಜಾಗವೂ ಬದಲಾಗಿದೆ. ಬ್ಯಾಂಕಿಂಗ್ ಒಂಬುಡ್ಸ್‌ಮನ್ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಯೋಜನೆ ಶುರುವಾದದ್ದು 1995ರಲ್ಲಿ. 2021ರ ನವೆಂಬರಿನಲ್ಲಿ ಬ್ಯಾಂಕು, ಹಣಕಾಸು ಕಂಪನಿ, ವ್ಯಾಲೆಟ್‌ಗಳ ದೂರುಗಳನ್ನೆಲ್ಲ ಒಂದೇ ಯೋಜನೆಗೆ ಸೇರಿಸಿದರು. ಮೊದಲು ಬ್ಯಾಂಕಿಗೇ ಬರೆದು ದೂರಿನ ನಂಬರ್ ತೆಗೆದುಕೊಳ್ಳಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನಿಸದಿದ್ದರೆ, ಒಂಬುಡ್ಸ್‌ಮನ್‌ಗೆ ಹೋಗಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ.

ನಾನು ಅಲ್ಲಿವರೆಗೆ ಹೋಗಲಿಲ್ಲ. ಬ್ಯಾಂಕಿಗೆ ಒಂದು ಮೇಲ್ ಬರೆದೆ. 590 ವಾಪಸ್ ಕೊಡಿ ಅಂತ ಕೇಳಲಿಲ್ಲ. ಪಾಸ್‌ಬುಕ್ಕಿನಲ್ಲಿ ತಾರೀಕು ಇದೆ, ಗಂಟೆ ಇಲ್ಲ. ಕಂತು ವಾಪಸ್ ಹೋದದ್ದು ಎಷ್ಟು ಗಂಟೆಗೆ, ಸಂಬಳ ಬಂದದ್ದು ಎಷ್ಟು ಗಂಟೆಗೆ, ಅಷ್ಟು ತಿಳಿಸಿ ಎಂದೆ. ಒಂಬತ್ತು ದಿನ ಬಿಟ್ಟು ಉತ್ತರ ಬಂತು. ಕಂತು ಹೋದದ್ದು ಬೆಳಿಗ್ಗೆ, ಸಂಬಳ ಬಂದದ್ದು ಮಧ್ಯಾಹ್ನ ಎರಡರ ಮೇಲೆ. ಅಂದರೆ ಬ್ಯಾಂಕಿನ ಲೆಕ್ಕ ಆ ದಿನದ ಮಟ್ಟಿಗೆ ಸರಿಯೇ. ದಂಡದ ಸಾಲು ಮಾತ್ರ ಸಂಜೆ ಬಿದ್ದಿತ್ತು, ಅದಕ್ಕೇ ಸಂಬಳದ ಕೆಳಗೆ ಕೂತಿತ್ತು. ‘ಒಂದು ಬಾರಿಯ ಸೌಜನ್ಯ’ ಅಂತ 590ನ್ನು ತಿರುಗಿ ಜಮಾ ಮಾಡಿದರು. ಸಾಲದ ಕಂಪನಿ ಒಂದು ರೂಪಾಯಿಯನ್ನೂ ಬಿಡಲಿಲ್ಲ. ಕಂತಿನ ತಾರೀಕನ್ನು 10ಕ್ಕೆ ಬದಲಿಸಿ ಎಂದು ಕೇಳಿದ್ದಕ್ಕೆ ಒಪ್ಪಿದರು. ಅದಕ್ಕೂ ಒಂದು ಚಾರ್ಜ್ ಇತ್ತು, ಜಿಎಸ್‌ಟಿ ಬೇರೆ.